ಬುತ್ತಿಗೆ ಪ್ರವೇಶವಿಲ್ಲ

ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಹುಲಿಗಳಿವೆ, ಕಾಳಿ ಹೊಳೆಯ ದಂಡೆಯಲ್ಲಿ ಬಿಸಿಲು ಕಾಯಿಸುವ ಮೊಸಳೆಗಳಿವೆ, ಕಾಗದದ ಕಾರ್ಖಾನೆಯಿದೆ, ಟಿಬೆಟನ್ನರ ಬೌದ್ಧ ವಿಹಾರಗಳಿವೆ. ಬಾಗಿಲಲ್ಲಿ ಚೀಲ ತಡಕಾಡಿ ಒಳಗೆ ಬಿಟ್ಟು, ಮೇಲಕ್ಕೆತ್ತಿ ಗಿರಗಿರ ತಿರುಗಿಸಿ ಕೆಳಗೆ ಬಿಡುವ ದೊಡ್ಡ ಥೀಮ್ ಪಾರ್ಕ್ ಮಾತ್ರ ಇಲ್ಲ. ಆದ್ದರಿಂದ ಬೇಸಿಗೆ ರಜೆ ಬಂತೆಂದರೆ ಇಲ್ಲಿನ ಸಂಸಾರಗಳು 400 ಕಿಲೋಮೀಟರಿಗೂ ಹೆಚ್ಚು ದೂರದ ಬಿಡದಿಗೆ ಹೊರಡುತ್ತವೆ. 2005ರಲ್ಲಿ ಅಲ್ಲಿ ವಂಡರ್‌ಲಾ ತೆರೆದ ಮೇಲೆ ಮಕ್ಕಳ ಭೂಪಟದಲ್ಲಿ ಬೆಂಗಳೂರು ಅಂದರೆ ಬಿಡದಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಊರು. ಅದೇ ರಜೆಯಲ್ಲಿ ಬೆಂಗಳೂರಿನ ಸಂಸಾರಗಳು ದಾಂಡೇಲಿಗೆ ಹೊರಡುತ್ತವೆ. ಎರಡೂ ಪಂಗಡ ಹೆದ್ದಾರಿಯ ಯಾವುದೋ ಹೋಟೆಲಿನಲ್ಲಿ ಎದುರುಬದುರಾದರೆ ಪರಸ್ಪರ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಒಳಗ ಊಟ ಒಯ್ಯಾಕ ಬಿಡ್ತಾರೇನ್ರಿ?"

ಖರ್ಚಿನ ಲೆಕ್ಕಕ್ಕೆ ಕೂತ ಯಜಮಾನರನ್ನು ನೋಡಬೇಕು. ಪಾರ್ಕಿನ ಟಿಕೆಟ್ಟಿಗೆ ತಲೆಗೆ ಸಾವಿರದ ಮೇಲೆ ಹೋದರೂ ಅವರು ಮುಖ ಕಿವುಚುವುದಿಲ್ಲ. ಥೀಮ್ ಪಾರ್ಕಿನ ಪ್ರವೇಶದ ಮೇಲಿನ ಜಿಎಸ್‌ಟಿ 2018ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿದದ್ದು ಅವರಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಒಳಗೆ ಒಂದು ಪ್ಲೇಟ್ ಇಡ್ಲಿಗೆ ನೂರು ಅಂದರೆ ಎದೆ ಹಿಡಿದುಕೊಳ್ಳುತ್ತಾರೆ. ಇಡ್ಲಿಯ ಬೆಲೆ ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ತಲೆಕೆಳಗಾಗಿ ನೇತಾಡಿ "ಅವ್ವಾ" ಎಂದು ಕೂಗುವುದಕ್ಕೆ ನ್ಯಾಯವಾದ ದರ ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಹೋಲಿಸಲು ಬಾರದ್ದಕ್ಕೆ ಎಷ್ಟು ಕೇಳಿದರೂ ಕೊಡುತ್ತೇವೆ. ಹೋಲಿಸಲು ಬರುವುದಕ್ಕೆ ಪ್ರಾಣ ಬಿಡುತ್ತೇವೆ. ಪಾರ್ಕಿನವರಿಗೆ ಇದು ನಮಗಿಂತ ಮೊದಲೇ ತಿಳಿದಿದೆ. ಹಾಗಾಗಿ ಆಟದ ಲೆಕ್ಕ ಗೇಟಿನಲ್ಲಿ ಒಂದೇ ಸಲ ಮುಗಿಸುತ್ತಾರೆ, ಹೊಟ್ಟೆಯ ಲೆಕ್ಕ ದಿನವಿಡೀ ನಡೆಸುತ್ತಾರೆ.

ಬಸ್ಸಿನ ಮಟ್ಟಿಗೆ ಯಜಮಾನರಿಗೆ ಧೈರ್ಯವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿ, ತಾಯಿ, ಮಗಳಿಗೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್. "ಮೂರು ಮಂದಿ ಬಸ್ ಚಾರ್ಜ್ ಉಳೀತು" ಎಂದು ಊರೆಲ್ಲ ಹೇಳಿಕೊಂಡು ಹತ್ತುತ್ತಾರೆ. ಉಳಿದದ್ದು ಯಾರಿಗೆ ಎಂದು ಕೇಳಬಾರದು. ಸರ್ಕಾರ ಹೆಂಗಸರ ಕೈಗಿಟ್ಟ ದುಡ್ಡನ್ನು ಜೋಪಾನವಾಗಿ ಸಾಗಿಸಿ ಪಾಪ್‌ಕಾರ್ನ್ ಕೌಂಟರಿಗೆ ಮುಟ್ಟಿಸುವ ಕೆಲಸವನ್ನು ಅವರು ಚಾಚೂ ತಪ್ಪದೆ ಮಾಡುತ್ತಾರೆ.

ಹಾಗಾಗದಿರಲಿ ಎಂದೇ ಬುತ್ತಿ. "ಮನ್ಯಾಗಿನ ಊಟದಂಥಾದ್ದು ಎಲ್ಲೂ ಇಲ್ಲ. ಆರೋಗ್ಯಕ್ಕೂ ಛಲೋ, ಖರ್ಚೂ ಇಲ್ಲ" ಎಂದು ಘೋಷಿಸಿ ಯಜಮಾನರು ಮಲಗುತ್ತಾರೆ. ಹೆಂಡತಿ ನಸುಕಿನ ಮೂರಕ್ಕೆ ಏಳುತ್ತಾಳೆ. ಮೊದಲೇ ಬಡಿದು ಒಣಗಿಸಿಟ್ಟ ಖಡಕ್ ರೊಟ್ಟಿ, ಆಗಷ್ಟೇ ಲಟ್ಟಿಸಿದ ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಮೊಸರನ್ನ, ಮೇಲೆ "ಹುಡುಗ್ರಿಗೆ ಬಾಯಾಡಿಸ್ಲಿಕ್ಕೆ" ಅಂತ ಒಂದು ಡಬ್ಬಿ ಚಕ್ಕುಲಿ. "ಖರ್ಚೂ ಇಲ್ಲ" ಎನ್ನುವ ಈ ಲೆಕ್ಕದಲ್ಲಿ ಜೋಳ, ಎಣ್ಣೆ, ಸಿಲಿಂಡರ್ ಯಾವುದೂ ಬರುವುದಿಲ್ಲ. ನಿದ್ದೆಯಂತೂ ಬರುವುದೇ ಇಲ್ಲ. ಮರುದಿನ ಎಲ್ಲರೂ ಮೇಲೆ ಹೋಗಿ ಕಿರುಚುವಾಗ ಅವಳು ಕೆಳಗೆ ಬೆಂಚಿನ ಮೇಲೆ ಚೀಲ ಕಾಯುತ್ತ ತೂಕಡಿಸುತ್ತಿರುತ್ತಾಳೆ. ಸಾವಿರ ರೂಪಾಯಿ ಟಿಕೆಟ್ ಕೊಟ್ಟು ಪಡೆದ ಅಂಥ ದುಬಾರಿ ನಿದ್ದೆ ರಾಜ್ಯದಲ್ಲಿ ಬೇರೆ ಯಾರಿಗೂ ಸಿಕ್ಕಿರಲಾರದು.

ಆದರೆ ಗೇಟಿನಲ್ಲಿ ಬೋರ್ಡಿದೆ: ಹೊರಗಿನ ಆಹಾರಕ್ಕೆ ಪ್ರವೇಶವಿಲ್ಲ.

ಈ ಬೋರ್ಡಿಗೆ ಈಗ ಭಾರಿ ಗೌರವ ಬಂದಿದೆ. 2023ರ ಜನವರಿ 3ರಂದು ಸುಪ್ರೀಂ ಕೋರ್ಟು ಜಮ್ಮು-ಕಾಶ್ಮೀರದ ಚಿತ್ರಮಂದಿರಗಳ ಪ್ರಕರಣದಲ್ಲಿ, ಹೊರಗಿನ ತಿಂಡಿ ಬೇಡ ಎನ್ನುವ ಹಕ್ಕು ಮಾಲೀಕರಿಗಿದೆ ಎಂದು ಹೇಳಿತು. ವಿಚಾರಣೆಯಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಜಿಲೇಬಿಯ ಮಾತೆತ್ತಿದರು: ತಿಂದವನು ಅಂಟು ಬೆರಳನ್ನು ಸೀಟಿಗೆ ಒರೆಸಿದರೆ ತೊಳೆಯುವ ಖರ್ಚು ಯಾರು ಕೊಡಬೇಕು ಎಂದು. ತಂದೂರಿ ಚಿಕನ್ನಿನ ಎಲುಬಿನ ವಿಷಯವೂ ಬಂತು. ಖಡಕ್ ರೊಟ್ಟಿಯ ಪ್ರಸ್ತಾಪ ಬರಲೇ ಇಲ್ಲ. ಬಂದಿದ್ದರೆ ಒಂದು ವಾದವಿತ್ತು: ಅದರಿಂದ ಸೀಟಿಗೆ ಒರೆಸಲು ಏನೂ ಸಿಗುವುದಿಲ್ಲ, ಬೇಕಾದರೆ ಅದರಿಂದಲೇ ಸೀಟು ಒರೆಸಬಹುದು. ಉತ್ತರ ಕರ್ನಾಟಕದ ವಕೀಲರೊಬ್ಬರು ಆ ದಿನ ಕೋರ್ಟಿನಲ್ಲಿ ಇರಬೇಕಾಗಿತ್ತು. ಜಿಲೇಬಿ ಮಾಡಿದ ಪಾಪಕ್ಕೆ ರೊಟ್ಟಿಯೂ ಹೊರಗೆ ಕೂರುವಂತಾಯಿತು. ತೀರ್ಪು ಸಿನಿಮಾ ಮಂದಿರಕ್ಕೆ ಕೊಟ್ಟದ್ದು ನಿಜ, ಆದರೆ ಗೇಟು ಇಟ್ಟುಕೊಂಡವರೆಲ್ಲ ತಂತಮ್ಮ ಮನಸ್ಸಿನಲ್ಲಿ ಅದನ್ನು ಫ್ರೇಮ್ ಹಾಕಿಸಿ ತೂಗುಹಾಕಿಕೊಂಡರು. ಮಾಲೀಕರ ಪರವಾಗಿಯೂ ಒಂದು ಮಾತು ಹೇಳಬೇಕು. ಉಂಡ ತಟ್ಟೆ, ಕುಡಿದ ಲೋಟವನ್ನು ನಾವು ಎಲ್ಲಿ ಬಿಡುತ್ತೇವೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ರಜೆ ಮುಗಿದ ಸೋಮವಾರ ಕಾಳಿ ದಂಡೆಗೆ ಒಮ್ಮೆ ಹೋಗಿ ಬನ್ನಿ.

ಅದೇ ತೀರ್ಪಿನಲ್ಲಿ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಕೂಸುಗಳ ಆಹಾರಕ್ಕೆ ಅಡ್ಡಿ ಮಾಡಬಾರದು ಎಂಬುದೂ ಇದೆ. ಬಹಳ ಕಡೆ ರೋಗಿಗಳ ಪಥ್ಯಕ್ಕೂ ವಿನಾಯಿತಿ ಉಂಟು. ನಮ್ಮವರಿಗೆ ಅಷ್ಟು ಸಂದು ಸಾಕು. ಗೇಟಿನ ಹತ್ತಿರ ಬಂದದ್ದೇ ಅಜ್ಜನಿಗೆ ಸಕ್ಕರೆ ಕಾಯಿಲೆ ಉಲ್ಬಣಿಸುತ್ತದೆ. ಮನೆಯಲ್ಲಿ ದಿನಕ್ಕೆ ಎರಡು ಪೇಡೆ ಕದ್ದು ತಿನ್ನುವ ಅಜ್ಜನ ಪಥ್ಯದ ಡಬ್ಬಿಯಲ್ಲಿ ಎಂಟು ಜನರ ಚಪಾತಿ. ಕೂಸಿನ ಹಾಲುಪುಡಿ ಡಬ್ಬದ ತಳದಲ್ಲಿ ಶೇಂಗಾ ಚಟ್ನಿ. ಈಜುಡುಗೆಯ ಟವೆಲ್ಲಿನ ನಡುವೆ ರೊಟ್ಟಿ. ಕಳ್ಳಸಾಗಣೆ ಹಿಡಿಯಲು ಕಸ್ಟಮ್ಸ್‌ನವರು ನಾಯಿ ಸಾಕಬೇಕಾಗುತ್ತದೆ. ಇಲ್ಲಿ ಸೆಕ್ಯೂರಿಟಿಯವನಿಗೆ ಒಂದು ಕಿವಿ, ಒಂದು ಮೂಗು ಸಾಕು. ಚೀಲ ಒತ್ತಿದರೆ ರೊಟ್ಟಿ ಕಟಕಟ ಎಂದು ತಾನೇ ತಪ್ಪೊಪ್ಪಿಕೊಳ್ಳುತ್ತದೆ. ಉಳಿದದ್ದನ್ನು ಬೆಳ್ಳುಳ್ಳಿ ಹೇಳುತ್ತದೆ. "ಇದೇನ್ ಸಾರ್?" "ಔಷಧಾರಿ ತಮ್ಮಾ, ಆಯುರ್ವೇದಿಕ್." ಆ ಹುಡುಗನ ಊರು ಗದಗೋ ಕೊಪ್ಪಳವೋ ಆಗಿದ್ದರೆ ಕತೆ ಮುಗಿಯಿತು. ಅವನು ಬೆಳಗಿನಿಂದ ಹಿಡಿದ ಎಲ್ಲ ಔಷಧದ ರುಚಿಯೂ ಅವನಿಗೆ ಗೊತ್ತು.

ಇದೇ ಗೇಟಿನಲ್ಲಿ ಇನ್ನೊಂದು ಉಳಿತಾಯವೂ ನಡೆಯುತ್ತದೆ. ಎತ್ತರ ಅಳೆದು ಟಿಕೆಟ್ ಕೊಡುವ ಕಡೆ, ಮಗ ಎತ್ತರ ಬೆಳೆಯಲೆಂದು ವರ್ಷಗಟ್ಟಲೆ ಹಾಲಿಗೆ ಪುಡಿ ಕಲಸಿ ಕುಡಿಸಿದ ತಂದೆಯೇ "ಸ್ವಲ್ಪ ಮೊಳಕಾಲು ಬಗ್ಗಸ" ಎಂದು ಕಿವಿಯಲ್ಲಿ ಉಸುರುತ್ತಾರೆ.

ಬುತ್ತಿ ಗೇಟಿನಲ್ಲೇ ಉಳಿದರೆ ಎರಡನೆಯ ಉಪಾಯ ಉಪವಾಸ. "ಒಳಗ ಏನೂ ತಿನ್ನೂದು ಬ್ಯಾಡ, ಸಂಜಿಗೆ ಹೊರಗ ಬಂದು ಹೊಟ್ಟಿ ತುಂಬ ತಿನ್ನೋಣು." ಈ ನಿರ್ಣಯಕ್ಕೆ ಆಯುಷ್ಯ ಎರಡು ತಾಸು. ನೀರಿನಲ್ಲಿ ಬಿದ್ದೆದ್ದ ಮಕ್ಕಳಿಗೆ ಹಸಿವು ಬಂದರೆ ಯಾವ ತಂದೆಯ ತತ್ವವೂ ನಿಲ್ಲುವುದಿಲ್ಲ. ಮುಂಡಗೋಡದ ಸಂಸಾರವಾದರೆ ಅಲ್ಲಿ ಮೊಮೊ ಕೊಳ್ಳುತ್ತದೆ. 1966ರಿಂದ ಟಿಬೆಟನ್ನರು ನೆಲೆಸಿದ ಕ್ಯಾಂಪು ಇವರ ಮನೆಯಿಂದ ಸ್ಕೂಟರ್ ದಾರಿ. ಮೊಮೊ ಮಾಡುವ ಕೈಗಳನ್ನೇ ದಿನವೂ ನೋಡುತ್ತಾರೆ. ಆದರೂ ಅದನ್ನು 400 ಕಿಲೋಮೀಟರ್ ದೂರ ಬಂದು ಮೂರು ಪಟ್ಟು ಕೊಟ್ಟು ತಿಂದರೇ ಪ್ರವಾಸ ಅನ್ನಿಸುವುದು. ಒಳಗೆ ಗೋಬಿ ಮಂಚೂರಿಯೂ ಇರುತ್ತದೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಎಂದು ಆದೇಶಿಸಿತು, ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಹಾಗಿದ್ದರೂ ಸ್ವಚ್ಛತೆಯ ಹೆಸರಿನಲ್ಲಿ ಗೇಟಿನಲ್ಲಿ ಸಿಕ್ಕಿಬೀಳುವುದು ಬಣ್ಣವಿಲ್ಲದ ರೊಟ್ಟಿಯೇ.

ಇನ್ನು ನೀರಿನ ಬಾಟಲಿ. 2018ರ ಜನವರಿ 1ರಿಂದ ಒಂದೇ ಸರಕಿಗೆ ಎರಡು ಬಗೆಯ ಎಂಆರ್‌ಪಿ ಮುದ್ರಿಸುವಂತಿಲ್ಲ ಎಂಬ ನಿಯಮ ಬಂತು. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಹೋಟೆಲು ರೆಸ್ಟೋರೆಂಟುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಅಲ್ಲಿ ಗಿರಾಕಿ ಬರೀ ನೀರು ಕೊಳ್ಳುವುದಿಲ್ಲ, ಕುರ್ಚಿ, ಮೇಜು, ವಾತಾವರಣ ಎಲ್ಲವನ್ನೂ ಅನುಭವಿಸುತ್ತಾನೆ ಎಂಬುದು ತರ್ಕ. ಇದನ್ನು ಕೇಳಿದ ಯಜಮಾನರೊಬ್ಬರು ಒಂದು ಬಾಟಲಿ ಕೊಂಡು ಎರಡು ತಾಸು ಕುರ್ಚಿ ಬಿಟ್ಟೇಳಲಿಲ್ಲ. ನೀರಿನ ದುಡ್ಡು ಕೂತು ತೀರಿಸಿಕೊಂಡರು. ಅಷ್ಟರಲ್ಲಿ ಅಲೆಯ ಕೊಳ ಬಂದ್ ಆಯಿತು.

ಹತ್ತಿರದಲ್ಲೇ ಮುಗಿಸೋಣ ಎನ್ನುವವರು ಮುಂಡಗೋಡದಿಂದ ಶಿಗ್ಗಾಂವಿ ಕಡೆಗೆ ಇಳಿದು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗುತ್ತಾರೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ನಮ್ಮ ಹಳ್ಳಿಯ ಬದುಕನ್ನೇ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಮನೆಯ ಅಜ್ಜನನ್ನು ಮಾತಾಡಿಸದ ಮೊಮ್ಮಕ್ಕಳು ಶಿಲ್ಪದ ಅಜ್ಜನ ಹೆಗಲಿಗೆ ಕೈಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಇನ್ನೊಂದು ಕೈಯಲ್ಲಿ ಚಿಪ್ಸ್. ಶಿಲ್ಪದ ಅಜ್ಜನಿಗೆ ಸಕ್ಕರೆ ಕಾಯಿಲೆ ಇಲ್ಲವಾದ್ದರಿಂದ ಬುತ್ತಿಗೆ ಉಪಯೋಗವಿಲ್ಲ.

ದಾಂಡೇಲಿಯಲ್ಲಿ ಎಲ್ಲವೂ ತಿರುವುಮುರುವು. ಬಿಡದಿಯಲ್ಲಿ ತಿನ್ನದೆ ಉಳಿಸಬೇಕು, ಇಲ್ಲಿ ತಿಂದು ಉಳಿಸಬೇಕು. ಕಾಡೇ ಈಗ ಪ್ಯಾಕೇಜು: ರೂಮು, ಮಧ್ಯಾಹ್ನದ ಊಟ, ಸಂಜೆ ಚಹಾ-ಭಜಿ, ಕ್ಯಾಂಪ್ ಫೈರ್, ರಾತ್ರಿ ಊಟ, ಮರುದಿನದ ನಾಷ್ಟಾ, ನಡುವೆ ಕಯಾಕಿಂಗ್, ಜಿಪ್‌ಲೈನ್, ರೇನ್ ಡಾನ್ಸ್, ಎಲ್ಲ ಸೇರಿ ತಲೆಗೆ ಇಷ್ಟು. ವರ್ಷದಲ್ಲಿ ತಿಂಗಳುಗಟ್ಟಲೆ ಮಳೆ ಸುರಿಯುವ ಊರಿಗೆ ಬಂದು ಪೈಪಿನ ಮಳೆಯಲ್ಲಿ ಕುಣಿಯುವವರನ್ನು ನೋಡಿ ಇಲ್ಲಿನವರು ಮೊದಮೊದಲು ನಗುತ್ತಿದ್ದರು, ಈಗ ಪೈಪು ಹಾಕಿಕೊಡುತ್ತಾರೆ. ಹೊಳೆಗೂ ಡ್ಯೂಟಿ ಇದೆ: ಗಣೇಶಗುಡಿಯ ಸೂಪಾ ಅಣೆಕಟ್ಟೆಯಿಂದ ಕರೆಂಟು ಮಾಡಲು ನೀರು ಬಿಟ್ಟರೆ ಮಾತ್ರ ರಾಫ್ಟಿಂಗ್, ಇಲ್ಲವಾದರೆ ದೋಣಿ ಕಲ್ಲಿನ ಮೇಲೆ.

ಪ್ಯಾಕೇಜಿನಲ್ಲಿ ಊಟ ಸೇರಿದೆ ಎಂದು ತಿಳಿದ ಕ್ಷಣದಿಂದ ಹೊರಗಿನಿಂದ ಇಲ್ಲಿಗೆ ಬರುವ ಯಜಮಾನರ ಹೊಟ್ಟೆ ವಸೂಲಿ ಅಧಿಕಾರಿಯಾಗುತ್ತದೆ. ಚೆಕ್-ಇನ್ ಹನ್ನೆರಡಕ್ಕಾದರೆ ಬೆಳಗ್ಗೆ ಧಾರವಾಡದಲ್ಲಿ ಬರೀ ಚಹಾ, ಮಕ್ಕಳಿಗೂ ಅಪ್ಪಣೆ, "ಏನೂ ತಿನಬ್ಯಾಡ್ರಿ, ಅಲ್ಲಿ ಊಟ ಐತಿ." ಬಫೆಯ ಮುಂದೆ ನಿಂತು "ರೊಟ್ಟಿ, ಅನ್ನ ಬ್ಯಾಡ, ಪನೀರ್ ಹಾಕ್ಕೋರಿ" ಎಂದು ಹೆಂಡತಿಗೆ ಮಾರ್ಗದರ್ಶನ. ಪನೀರಿಗೆ ಕಿಲೋಕ್ಕೆ ಎಷ್ಟು, ಜಾಮೂನು ಹೊರಗೆ ಒಂದಕ್ಕೆ ಎಷ್ಟು ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಕೂಡಿಸುತ್ತಾರೆ. ಸಂಜೆಯ ಭಜಿಗೆ ಜಾಗವಿಲ್ಲದಿದ್ದರೂ ಬಿಡುವುದುಂಟೇ? ಅದೂ ಲೆಕ್ಕದಲ್ಲಿದೆ. ರಾತ್ರಿ ಸೋಡಾ, ಜೀರಿಗೆ ನೀರು, ಮಾತ್ರೆ. ಮಾತ್ರೆ ಪ್ಯಾಕೇಜಿನಲ್ಲಿಲ್ಲ. ಮರುದಿನ ರಾಫ್ಟಿಂಗ್ ಹೊತ್ತಿಗೆ ಹೊಳೆ ತುಂಬಿ ಬಂದಿರುತ್ತದೆ, ಯಜಮಾನರು ರೂಮಿನಲ್ಲಿ ಮಲಗಿರುತ್ತಾರೆ. ರಾಫ್ಟಿಂಗಿಗೆ ಕಟ್ಟಿದ ದುಡ್ಡು ಮಾತ್ರ ಹೊಳೆಯಲ್ಲಿ ತೇಲಿಕೊಂಡು ಹೋಯಿತು.

ಇದೇ ಹಳಿಯಾಳ, ದಾಂಡೇಲಿ, ಜೋಯಿಡಾ ದಾರಿಯಲ್ಲಿ ಮಾಘ ಮಾಸದಲ್ಲಿ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಉಳವಿ ಚೆನ್ನಬಸವಣ್ಣನ ಜಾತ್ರೆಗೆ ಹೋಗುತ್ತವೆ. ಚಕ್ಕಡಿಯಲ್ಲಿ ರೊಟ್ಟಿಯ ಗಂಟು, ಕಾಳು, ಖಾರ. ಹೊತ್ತು ಮುಳುಗಿದಲ್ಲಿ ಮೂರು ಕಲ್ಲು, ಒಲೆ. ಹಾದಿಯುದ್ದಕ್ಕೂ ಕಾಡು, ಹೊಳೆ, ನಕ್ಷತ್ರ, ಹಾಡು. ಇವತ್ತಿನ ರಿಸಾರ್ಟಿನವರು ತಲೆಗೆ ಇಷ್ಟು ಎಂದು ಮಾರುವುದೆಲ್ಲ ಆ ಹಾದಿಯಲ್ಲೇ ಇದೆ. ಜಾತ್ರೆಗೆ ಹೊರಟವರ ಗಂಟು ಬಿಚ್ಚಿಸಿ ನೋಡಿದವರಿಲ್ಲ. ಅವರನ್ನು ಕಾರಿನಲ್ಲಿ ಹಿಂದೆ ಹಾಕುವಾಗ ಯಜಮಾನರು ಗಾಜು ಇಳಿಸಿ ಮಕ್ಕಳಿಗೆ ತೋರಿಸುತ್ತಾರೆ: "ನೋಡ್ರಿ, ಪಾಪ, ಬಡವರು."

ರಿಸಾರ್ಟಿನ ಬಫೆಯಲ್ಲಿ ಎಲ್ಲ ಇತ್ತು, ಜೋಯಿಡಾದ್ದು ಏನೂ ಇರಲಿಲ್ಲ. ಇಲ್ಲಿನ ಕುಣಬಿ ಜನ ಬೆಳೆಯುವ ಗಡ್ಡೆ-ಗೆಣಸು ಎಷ್ಟು ಬಗೆಯೆಂದರೆ ಜೋಯಿಡಾದಲ್ಲಿ ಚಳಿಗಾಲಕ್ಕೆ ಅದರದೇ ಮೇಳ ನಡೆಯುತ್ತದೆ; ಮುಡ್ಲಿ ಎಂಬ ಗಡ್ಡೆಯ ರುಚಿ ಹತ್ತಿದವರು ವರ್ಷವಿಡೀ ದಾರಿ ಕಾಯುತ್ತಾರೆ. ರಿಸಾರ್ಟಿನ ಅಡುಗೆಯವನಿಗೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಗಿರಾಕಿಗೆ ಪನೀರೇ ಬೇಕು. ಹಿಂದಿರುಗುವ ದಾರಿಯಲ್ಲಿ ರಸ್ತೆಬದಿಗೆ ಬುಟ್ಟಿಯಿಟ್ಟು ಕೂತ ಕುಣಬಿ ಹೆಂಗಸನ್ನು ಕಂಡು ಯಜಮಾನರು ಕಾರು ನಿಲ್ಲಿಸಿದರು. ಎರಡು ದಿನದಲ್ಲಿ ಒಂದು ಕಡೆಯೂ ದರ ಕೇಳಲು ಬಾಯಿ ಬಂದಿರಲಿಲ್ಲ. ಪಾರ್ಕಿನಲ್ಲಾಗಲಿ ರಿಸಾರ್ಟಿನಲ್ಲಾಗಲಿ ಬಿಲ್ಲು ಕೊಡುವವರು ಟೈ ಕಟ್ಟಿರುತ್ತಾರೆ, ಅವರೊಡನೆ ಚೌಕಾಸಿ ಮಾಡಿದರೆ ಮರ್ಯಾದೆ ಹೋಗುತ್ತದೆ. ಈಗ ಸೊಂಟಕ್ಕೆ ಕೈಯಿಟ್ಟು ನಿಂತರು.

"ಹೆಂಗವ್ವಾ ಮುಡ್ಲಿ?"

ಅವಳು ದರ ಹೇಳಿದಳು.

"ಕಾಡಿನ್ಯಾಗ ತಾನ ಬೆಳೀತೈತಿ, ಪುಕ್ಕಟ. ಅದಕ್ಕ ಇಷ್ಟ್ಯಾಕ? ಇಪ್ಪತ್ತು ರೂಪಾಯಿ ಕಡಿಮಿ ಮಾಡು."

"ಕಾಡಿನಲ್ಲಿ ಅಲ್ಲ, ನಮ್ಮ ಹಿತ್ತಲಲ್ಲಿ. ಹಂದಿ ಕಾದು ಬೆಳೆದದ್ದು."

"ಮತ್ತ ಬಿಟ್ಟು ಹೋಗ್ತೇವಿ ನೋಡು. ನಾವು ತೊಗೊಳ್ಳದಿದ್ರ ಇದನ್ನ ಏನ್ ಮಾಡ್ತೀ?"

ಅವಳು ಬುಟ್ಟಿಯ ಮೇಲೆ ಸಾಗವಾನಿ ಎಲೆ ಮುಚ್ಚಿದಳು. "ರಾತ್ರಿ ನಾವೇ ಬೇಯಿಸಿಕೊಂಡು ತಿನ್ನುತ್ತೇವೆ."

ಯಜಮಾನರು ಗಾಜು ಏರಿಸಿ ಹೊರಟರು. ಮುಂದಿನ ಕ್ರಾಸಿನಲ್ಲಿ ಮಕ್ಕಳು ಕೇಳಿದ್ದಕ್ಕೆ ನಾಲ್ಕು ಪ್ಯಾಕೆಟ್ ಆಲೂಗಡ್ಡೆ ಚಿಪ್ಸ್ ಕೊಂಡರು, ದರದ ಬಗ್ಗೆ ಒಂದು ಮಾತೂ ಎತ್ತದೆ.