ಉತ್ತರಧ್ರುವ ಮೀಮಾಂಸೆ: ಬೀದರ್ ವಾಸದ ಗುಣದೋಷ ವಿಚಾರ

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಎಲ್ಲಿಯೂ ಅಚ್ಚಾಗದೆ ಜಾರಿಯಲ್ಲಿರುವ ದಂಡಸಂಹಿತೆಯ ಪ್ರಕಾರ ನೌಕರರ ಅಪರಾಧಗಳು ಮೂರು ವಿಧ: ನೋಟಿಸಿನಿಂದ ಪರಿಹಾರವಾಗುವಂಥವು, ಅಮಾನತಿನಿಂದ ಪರಿಹಾರವಾಗುವಂಥವು, ಬೀದರಿಗೆ ಹೋಗದ ಹೊರತು ಪರಿಹಾರವಾಗದಂಥವು. “ಬೀದರಿಗೆ ಹಾಕಿಸ್ತೀನಿ ನೋಡು” ಎಂಬ ಮಹಾವಾಕ್ಯವನ್ನು ಉಚ್ಚರಿಸುವ ಮೇಲಧಿಕಾರಿ ಬೀದರನ್ನು ನೋಡಿರುವುದಿಲ್ಲ. ಕೇಳಿ ನಡುಗುವ ಗುಮಾಸ್ತನೂ ನೋಡಿರುವುದಿಲ್ಲ. ನರಕದ ವಿಚಾರದಲ್ಲಿಯೂ ಸ್ಥಿತಿ ಇದೇ ಆಗಿರುವುದರಿಂದ ಎರಡೂ ಒಂದೇ ಎಂದು ಪೂರ್ವಾಚಾರ್ಯರು ನಿರ್ಣಯಿಸಿರಬೇಕು. ಆ ನಿರ್ಣಯವನ್ನು ಮರುಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ ಹೇಳಬೇಕು. ಉತ್ತರ ಎಂದರೆ ಎಲ್ಲಿ? ಬೆಂಗಳೂರಿನವರಿಗೆ ಅದು ತುಮಕೂರು ದಾಟಿದೊಡನೆ ಶುರು. ತುಮಕೂರಿನವರು ಅದನ್ನು ಚಿತ್ರದುರ್ಗದ ಆಚೆ ತಳ್ಳುತ್ತಾರೆ, ಹುಬ್ಬಳ್ಳಿಯವರು ಕಲಬುರಗಿಗೆ, ಕಲಬುರಗಿಯವರು ಬೀದರಿಗೆ. ಈ ತಳ್ಳುವಿಕೆ ಬೀದರಿನಲ್ಲಿ ಮುಗಿಯುತ್ತದೆಂದು ವಿದ್ವಾಂಸರು ನಂಬಿದ್ದರು. ಆದರೆ ಬೀದರಿನ ಕಚೇರಿಗಳ ಒಳಗೆ ಕೇಳಿಬರುವ ಮಹಾವಾಕ್ಯ “ಔರಾದಕ್ಕ ಹಾಕಸ್ತೀನಿ ನೋಡು” ಎಂಬುದು. ಔರಾದ್ ತಾಲ್ಲೂಕಿನ ಆಚೆ ಮಹಾರಾಷ್ಟ್ರ. ಅಲ್ಲಿಗೆ ವರ್ಗ ಮಾಡುವ ಅಧಿಕಾರ ನಮ್ಮ ಸರ್ಕಾರಕ್ಕೆ ಇಲ್ಲದ ಕಾರಣ ಉತ್ತರವು ಅಲ್ಲಿ ನಿಂತಿದೆ.

ಉಳಿದ ಕನ್ನಡಿಗರಿಗೆ ಈ ನಗರದ ಪರಿಚಯ ಇರುವುದು ಅಳತೆಪಟ್ಟಿಯ ತುದಿಯಾಗಿ. ಚುನಾವಣೆ ಹತ್ತಿರವಾದಾಗ ಮೈಕಿನ ಮುಂದೆ ನಿಂತವರೆಲ್ಲ “ಬೀದರಿನಿಂದ ಚಾಮರಾಜನಗರದವರೆಗೆ” ಎನ್ನುತ್ತಾರೆ. ಅಂದರೆ ಬೀದರು ಸದಾ ಹೊರಡುವ ಜಾಗ. ಅಲ್ಲಿ ಉಳಿದುಕೊಂಡವರ ಸುದ್ದಿ ಆ ಭಾಷಣದಲ್ಲಿ ಇಲ್ಲ. ಭೂಪಟ ನೋಡಿದವರು ಇನ್ನೂ ಉದಾರಿಗಳು, ಅದನ್ನು ಕರ್ನಾಟಕದ ಕಿರೀಟ ಎಂದು ಕರೆದಿದ್ದಾರೆ. ಕಿರೀಟವನ್ನು ಉತ್ಸವದ ದಿನ ಧರಿಸಿ, ಉಳಿದ ದಿನ ಪೆಟ್ಟಿಗೆಯಲ್ಲಿ ಇಡುವ ಸಂಪ್ರದಾಯ ಎಲ್ಲರಿಗೂ ಗೊತ್ತಿರುವುದರಿಂದ ಈ ಉಪಮೆಯ ಬಗ್ಗೆ ತಕರಾರಿಲ್ಲ.

ಸಂಶೋಧನಾ ವಿಧಾನದ ಬಗ್ಗೆ ಒಂದು ಮಾತು. ನಮ್ಮ ಮಾರ್ಗದರ್ಶಕರು ಬೀದರಿಗೆ ಹೋದವರಲ್ಲ, ಆದ್ದರಿಂದ ಅವರ ಅಭಿಪ್ರಾಯ ಪೂರ್ಣ ನಿಷ್ಪಕ್ಷಪಾತ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಗುಣ, ಬಲಕ್ಕೆ ದೋಷ ಬರೆಯಲು ಅವರು ಸೂಚಿಸಿದರು. ಆ ಗೆರೆ ಏನಾಯಿತು ಎಂಬುದೇ ಮುಂದಿನ ವಿಷಯ.

ಪೂರ್ವಪಕ್ಷದವರ ಮೊದಲ ಬಾಣ ದೂರ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು, ಹೈದರಾಬಾದಿಗೆ ಸುಮಾರು 140. ಇದರಿಂದ ನಾಗರಿಕರಲ್ಲಿ ಒಂದು ಶ್ರಮವಿಭಜನೆ ಏರ್ಪಟ್ಟಿದೆ: ಫೈಲಿಗೆ ಬೆಂಗಳೂರು, ಪೈಲ್ಸಿಗೆ ಹೈದರಾಬಾದು. ಮದುವೆಯ ಸೀರೆ, ಹೃದಯದ ಸ್ಟೆಂಟು, ಮಗನ ಕೆಲಸ, ರಂಜಾನಿನ ಹಲೀಮು ಎಲ್ಲವೂ ಪೂರ್ವದಿಕ್ಕಿನಲ್ಲಿ ಸಿಗುತ್ತವೆ. ಮಂಜೂರಾತಿ ಮಾತ್ರ ದಕ್ಷಿಣದಲ್ಲಿ. ಬೆಂಗಳೂರಿನ ಕಡೆ ಮುಖ ಮಾಡಿ ನಿಂತವನಿಗೆ ಬೀದರು ಪ್ರಪಂಚದ ಅಂಚು, ಸ್ವಲ್ಪ ಎಡಕ್ಕೆ ತಿರುಗಿ ಹೈದರಾಬಾದು ನೋಡಿದರೆ ಅದೇ ಊರು ಮಹಾನಗರದ ಹಿತ್ತಲು. ಒಂದೇ ಸಂಗತಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂಬುದು ನೋಡುವವನ ಕುತ್ತಿಗೆಯನ್ನು ಅವಲಂಬಿಸಿದೆ. ಗೆರೆ ಇಲ್ಲಿಯೇ ಸೊಟ್ಟಗಾಯಿತು.

ಎರಡನೆಯ ಬಾಣ, ಅಲ್ಲಿಗೆ ಯಾರೂ ಇಷ್ಟಪಟ್ಟು ಹೋಗುವುದಿಲ್ಲ ಎಂಬುದು. ಇದಕ್ಕೆ ಇತಿಹಾಸವೇ ಸಮಾಧಾನ. 1430ರ ಆಸುಪಾಸಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ದಾಖಲೆಗಳಲ್ಲಿ ಸಿಗುವ, “ಸ್ವಂತ ಕೋರಿಕೆಯ ಮೇರೆಗೆ” ಬೀದರಿಗೆ ಆದ ಅತಿ ದೊಡ್ಡ ವರ್ಗಾವಣೆ ಇದು. ವಿಜಯನಗರದ ಮೊಲದ ಕತೆಯಂಥದೇ ಕತೆ ಇಲ್ಲಿಗೂ ಉಂಟು, ಇಲ್ಲಿ ಬೇಟೆನಾಯಿಗಳಿಗೆ ತಿರುಗಿಬಿದ್ದದ್ದು ನರಿ ಎನ್ನುತ್ತಾರೆ. ನಮಗೆ ನರಿಗಿಂತ ಹವೆಯ ಮೇಲೆ ನಂಬಿಕೆ ಹೆಚ್ಚು. ಬೀದರು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಕಲಬುರಗಿ ತಗ್ಗಿನಲ್ಲಿದೆ. ಮೇ ತಿಂಗಳಿನ ಒಂದು ಮಧ್ಯಾಹ್ನವನ್ನು ಕಲಬುರಗಿಯಲ್ಲಿ ಕಳೆದ ಯಾವನಿಗೂ ರಾಜಧಾನಿ ಬದಲಿಸಲು ನರಿಯ ಸಲಹೆ ಬೇಕಾಗದು.

ಆಮೇಲೆ ಬಂದವ ಮಹಮೂದ್ ಗಾವಾನ್, ಇರಾನಿನ ಗಿಲಾನ್ ಪ್ರಾಂತ್ಯದವನು. ವ್ಯಾಪಾರಕ್ಕೆಂದು ಬಂದು ವಜೀರನಾದ, 1472ರಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿ ಮುಂಭಾಗಕ್ಕೆಲ್ಲ ಹೊಳಪಿನ ಬಣ್ಣದ ಹೆಂಚು ಹೊದಿಸಿದ. ಅದೇ ದಶಕದ ಸುಮಾರಿಗೆ ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಒಂದು ಕುದುರೆ ಹಿಡಿದುಕೊಂಡು ಬಂದು, ಅದನ್ನು ಇಲ್ಲಿಯೇ ಮಾರಿದ. ರಷ್ಯದಿಂದ ಬಂದವನಿಗೆ ದೂರವೆನಿಸದ ಊರು ಜಯನಗರದವನಿಗೆ ದೂರವೆನಿಸುವುದು ಮನಃಶಾಸ್ತ್ರದ ಪ್ರಶ್ನೆ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಆದರೆ ಗಾವಾನನ ಅಂತ್ಯ ನಮ್ಮ ವ್ಯಾಪ್ತಿಗೇ ಬರುತ್ತದೆ, ಏಕೆಂದರೆ ಅದು ಶುದ್ಧ ಕಚೇರಿ ವಿದ್ಯಮಾನ. ಅವನನ್ನು ಕಂಡರಾಗದವರು ಅವನ ಮೊಹರು ಕಾಯುವವನನ್ನು ಒಲಿಸಿ, ಖಾಲಿ ಹಾಳೆಯ ಮೇಲೆ ಮೊಹರು ಒತ್ತಿಸಿಕೊಂಡು, ಒಡಿಶಾದ ಅರಸನಿಗೆ ಬರೆದ ದ್ರೋಹದ ಪತ್ರವೆಂದು ಅದರ ಮೇಲೆ ತಾವೇ ಬರೆದರು. ಸುಲ್ತಾನ ವಿಚಾರಣೆಯ ಗೋಜಿಗೆ ಹೋಗದೆ 1481ರಲ್ಲಿ ತಲೆ ತೆಗೆಸಿದ. ಆಮೇಲೆ ಪಶ್ಚಾತ್ತಾಪಪಟ್ಟು ವರ್ಷದೊಳಗೆ ತಾನೂ ಸತ್ತ. ಖಾಲಿ ಹಾಳೆಗೆ ಸೀಲು ಹಾಕಬಾರದೆಂಬ ನಿಯಮವನ್ನು ಎಲ್ಲ ಇಲಾಖೆಗಳಲ್ಲಿ ಹೇಳಿಕೊಡುತ್ತಾರೆ, ಅದಕ್ಕಾಗಿ ಯಾರು ಬೆಲೆ ತೆತ್ತರೆಂದು ಹೇಳಿಕೊಡುವುದಿಲ್ಲ. ಮದರಸಾದ ಒಂದು ಮಿನಾರು, ಮುಂಭಾಗದ ಒಂದು ಪಾಲು ಔರಂಗಜೇಬನ ಕಾಲದಲ್ಲಿ ಉರುಳಿತು. ಸಿಡಿಲು ಎನ್ನುವ ಪಕ್ಷ ಒಂದು, ಒಳಗೆ ದಾಸ್ತಾನು ಮಾಡಿದ್ದ ಸಿಡಿಮದ್ದು ಎನ್ನುವ ಪಕ್ಷ ಇನ್ನೊಂದು, ಸಿಡಿಲೇ ಸಿಡಿಮದ್ದಿಗೆ ಬಡಿಯಿತೆಂಬ ಸಮನ್ವಯ ಪಕ್ಷ ಮೂರನೆಯದು. ಉಳಿದಿರುವ ಒಂದು ಮಿನಾರಿನ ಹೆಂಚುಗಳಲ್ಲಿ ಪಾರಿವಾಳಗಳಿವೆ, ಅವು ಯಾವ ಪಕ್ಷಕ್ಕೂ ಸೇರಿಲ್ಲ.

ಇನ್ನು ಜಲಾಧಿಕರಣ. ಇದು ಈ ಪ್ರಬಂಧದ ಜೀವನಾಡಿ, ಓದುಗರು ಸಾವಧಾನವಾಗಬೇಕು. ಬೀದರಿನ ಮೇಲ್ಪದರ ಜಂಬಿಟ್ಟಿಗೆ, ತೂತುತೂತಾದ ಕೆಂಪು ಕಲ್ಲು. ಕೆಳಗೆ ನೀರು ಬಿಡದ ಕರಿಕಲ್ಲು. ಮಳೆನೀರು ಮೇಲಿನದನ್ನು ಸೋಸಿ ಇಳಿದು, ಕೆಳಗಿನದನ್ನು ದಾಟಲಾರದೆ, ಎರಡೂ ಕೂಡುವ ಗಡಿಯಲ್ಲಿ ಅಡ್ಡ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಭೂವಿಜ್ಞಾನ ಇಷ್ಟೇ. ಇದರ ಮೇಲೆ ನಗರ ಕಟ್ಟಿದ್ದು ಬೇರೆಯೇ. ಒಂದು ಝರಿಯ ಬಳಿ ಗುರುನಾನಕರು ಪಾದುಕೆಯಿಂದ ಕಲ್ಲು ಸರಿಸಿ ಸಿಹಿನೀರು ತಂದರೆಂದು ಸಿಖ್ಖರ ನಂಬಿಕೆ. ಅಲ್ಲಿ ನಾನಕ್ ಝೀರಾ ಗುರುದ್ವಾರವಿದೆ, ಬಂದವರಿಗೆಲ್ಲ ಊಟವಿದೆ. ಇನ್ನೊಂದು ಝರಿ ಗುಹೆಯೊಳಗೆ ಹರಿಯುತ್ತದೆ. ಅದರ ಕೊನೆಯಲ್ಲಿ ನರಸಿಂಹಸ್ವಾಮಿ ಇದ್ದಾನೆ. ಭಕ್ತರು ಎದೆಮಟ್ಟದ ನೀರಿನಲ್ಲಿ, ಮಕ್ಕಳನ್ನು ಹೆಗಲಿಗೇರಿಸಿ, ಚಾವಣಿಯ ಬಾವಲಿಗಳಿಗೆ ತೊಂದರೆ ಕೊಡದೆ, ಸುಮಾರು 300 ಮೀಟರು ನಡೆಯಬೇಕು. ದೇವರ ದರ್ಶನವೂ ಸ್ನಾನವೂ ಒಂದೇ ಟಿಕೆಟ್ಟಿನಲ್ಲಿ ಮುಗಿಯುವ ಇಂಥ ಮಿತವ್ಯಯ ದಕ್ಷಿಣದ ಕ್ಷೇತ್ರಗಳಲ್ಲಿ ಅಪರೂಪ.

ಸುಲ್ತಾನರೂ ಇದೇ ನೀರನ್ನು ಬಿಡಲಿಲ್ಲ. ಪರ್ಷಿಯದ ವಿದ್ಯೆಯಿಂದ ನೆಲದಡಿ ಕರೇಜ್ ಕೊರೆಸಿದರು. ಜನರ ಮಾತಿನಲ್ಲಿ ಸುರಂಗ ಬಾವಿ. ನೌಬಾದಿನ ಕಡೆಯಿಂದ ಹೊರಟ ಕಾಲುವೆಗೆ ನಡುನಡುವೆ ಗಾಳಿಬಾವಿಗಳು, ಇಳಿಜಾರಿನ ಲೆಕ್ಕದಲ್ಲೇ ನೀರು. ಮೋಟರಿಲ್ಲ, ಕರೆಂಟಿಲ್ಲ, ವಾಲ್ವ್‌ಮ್ಯಾನಿಲ್ಲ. ಹದಿನೈದನೇ ಶತಮಾನದಲ್ಲಿ ನೀರು ತಾನಾಗಿ ಬರುತ್ತಿತ್ತು. ಇಪ್ಪತ್ತೊಂದನೆಯದರಲ್ಲಿ ಬೇಸಿಗೆಯ ಟ್ಯಾಂಕರಿಗೆ ಫೋನು ಮಾಡಬೇಕು. ಇದು ಗುಣವೋ ದೋಷವೋ ಎಂದು ಒಬ್ಬ ಹಿರಿಯರನ್ನು ಚಹಾದಂಗಡಿಯಲ್ಲಿ ಕೇಳಲಾಗಿ, “ಹಿಂಗ್ಯಾಕ ಕೇಳ್ಲತ್ತೀರಿ ಸಾಹೇಬ್ರ? ನೀರಿನ್ಯಾಗೇನು ದೋಷ ಅದ? ನಳದಾಗ ಅದ” ಎಂದರು. ಮಾರ್ಗದರ್ಶಕರು ಈ ಉತ್ತರವನ್ನು ದತ್ತಾಂಶವೆಂದು ಒಪ್ಪಲಿಲ್ಲ.

ಕರಕುಶಲ ಕಲೆಯ ವಿಚಾರದಲ್ಲಿ ನಮಗೆ ವಿಧಾನದ ತೊಡಕೇ ಎದುರಾಯಿತು. ಬಿದರಿ ಪಾತ್ರೆ ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದದ್ದು. ಅದರ ಮೈಮೇಲೆ ಚಿತ್ತಾರ ಕೊರೆದು ಬೆಳ್ಳಿ ತುಂಬುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿಗೆ ಅದ್ದಿದರೆ ಲೋಹ ಕಾಡಿಗೆಯಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗದು. ಬಿಸಿಲು ಮಳೆ ಕಾಣದ ಹಳೆಯ ಗೋಡೆಯ ಮಣ್ಣೇ ಬೇಕು. ಅದು ಸರಿಯಾದದ್ದೇ ಎಂದು ಕುಶಲಕರ್ಮಿಗಳು ನಾಲಿಗೆಯಿಂದ ನೆಕ್ಕಿ ನೋಡುತ್ತಾರೆ. ಒಂದು ನಗರದ ಯೋಗ್ಯತೆಯನ್ನು ಅದರ ಮಣ್ಣು ತಿಂದು ನಿರ್ಧರಿಸುವ ಈ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ಕೈಪಿಡಿಯಲ್ಲಿ ಇಲ್ಲ. ಇದ್ದಿದ್ದರೆ ಎಷ್ಟೋ ಮಹಾಪ್ರಬಂಧಗಳು ಹುಟ್ಟುತ್ತಲೇ ಇರಲಿಲ್ಲ. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ದೋಷವೆಂದರೆ, ಬೀದರಿನಿಂದ ಬಿಡುಗಡೆಯಾಗುವ ಪ್ರತಿ ಅಧಿಕಾರಿಗೂ ಬೀಳ್ಕೊಡುಗೆಯಲ್ಲಿ ಬಿದರಿ ಹೂದಾನಿಯೇ ಸಿಗುತ್ತದೆ. ಬೆಂಗಳೂರಿನ ಶೋಕೇಸುಗಳಲ್ಲಿ ಅವು ಸಾಲಾಗಿ ನಿಂತು, ಯಾರು ಯಾವ ಕಾಲದಲ್ಲಿ ಯಾರ ಕೋಪಕ್ಕೆ ಗುರಿಯಾಗಿದ್ದರೆಂಬ ಆಡಳಿತ ಇತಿಹಾಸವನ್ನು ಸಾರುತ್ತಿವೆ.

ಗಗನಾಧಿಕರಣವನ್ನು ಬೇಗ ಮುಗಿಸೋಣ. ವಾಯುಪಡೆಯ ತರಬೇತಿ ನೆಲೆ ಇಲ್ಲಿದೆ, ಸೂರ್ಯಕಿರಣ ತಂಡದ ಮನೆಯೂ ಇದೇ. ಯಲಹಂಕದ ಪ್ರದರ್ಶನಕ್ಕೆ ಬೆಂಗಳೂರಿನವರು ಟಿಕೆಟ್ಟು ಕೊಂಡು ಟ್ರಾಫಿಕ್ಕಿನಲ್ಲಿ ನಿಂತು ನೋಡುವ ವಿಮಾನಗಳನ್ನು ಬೀದರಿನ ಗೃಹಿಣಿ ಹಪ್ಪಳ ಒಣಹಾಕುತ್ತಾ ನೋಡುತ್ತಾಳೆ, ಅದೂ ಬೇಸರದಿಂದ.

ಕಾಲಾಧಿಕರಣದಲ್ಲಿ ಪೂರ್ವಪಕ್ಷ ಗೆಲ್ಲುತ್ತದೆ, ಇದನ್ನು ಮುಚ್ಚಿಡುವುದು ಶಾಸ್ತ್ರಕ್ಕೆ ದ್ರೋಹ. ಬೀದರಿಗೆ ಎಲ್ಲವೂ ತಡವಾಗಿ ಬರುತ್ತದೆ. ದೇಶಕ್ಕೆ 1947ರ ಆಗಸ್ಟಿನಲ್ಲಿ ಬಂದ ಸ್ವಾತಂತ್ರ್ಯ, ನಿಜಾಮನ ಸೀಮೆಯಾದ ಇಲ್ಲಿಗೆ 1948ರ ಸೆಪ್ಟೆಂಬರಿನಲ್ಲಿ, ಹದಿಮೂರು ತಿಂಗಳು ತಡವಾಗಿ ತಲುಪಿತು. ಪಕ್ಕದ ಕಲಬುರಗಿಗೆ ನೇರ ರೈಲು ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ರೈಲು ಹಿಡಿದವರು ವಿಕಾರಾಬಾದು ಸುತ್ತಿ, ಪಕ್ಕದ ರಾಜ್ಯ ನೋಡಿಕೊಂಡು ತಮ್ಮ ರಾಜ್ಯಕ್ಕೆ ಮರಳಬೇಕಿತ್ತು. ವಿಶೇಷ ಸ್ಥಾನಮಾನದ 371ಜೆ ಬರಲು ಏಕೀಕರಣದ ನಂತರ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಪ್ರಯಾಣಿಕರ ವಿಮಾನ 2020ರಲ್ಲಿ ಬಂತು, ನಡುವೆ ನಿಂತಿತು, ಮತ್ತೆ ಶುರುವಾಯಿತು. ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಬೀದರಿನ ಸ್ಮಾರಕಗಳು 2014ರಿಂದ ಕೂತಿವೆ, ಇನ್ನೂ ಕರೆ ಬಂದಿಲ್ಲ. ತಡವಾಗದೆ ಹೋಗುವುದು ಒಂದೇ: ಡಿಗ್ರಿ ಮುಗಿದ ಹುಡುಗರನ್ನು ತುಂಬಿಕೊಂಡ ಹೈದರಾಬಾದಿನ ಬಸ್ಸು. ಇದಕ್ಕೆ ನಮ್ಮಲ್ಲಿ ಸಮಾಧಾನವಿಲ್ಲ, ಹಾಸ್ಯವೂ ಇಲ್ಲ.

ವರ್ಗೀಕರಣದಲ್ಲಿಯೂ ಸೋಲಾಯಿತು. ಮೊದಲು ಹೇಳಿದ ಆ ಸ್ವಯಂ ವರ್ಗಾವಣೆಯ ಸುಲ್ತಾನ ಅಷ್ಟೂರಿನಲ್ಲಿ ಮಲಗಿದ್ದಾನೆ. ಮುಸ್ಲಿಮರಿಗೆ ಅವನು ವಲಿ, ಅಲ್ಲಿಗೆ ಬರುವ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಮಾಡ್ಯಾಳದಿಂದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಇದು ಉರುಸೋ ಜಾತ್ರೆಯೋ ಎಂದು ತೆಂಗಿನಕಾಯಿ ಹಿಡಿದ ಒಬ್ಬ ತಾಯಿಯನ್ನು ಕೇಳಿದರೆ, “ಎರಡೂ ಅದರಿ ಯಪ್ಪಾ, ನೀ ಯಾವ್ದಕ್ಕ ಬಂದೀದಿ?” ಎಂದು ತಿರುಗಿ ಕೇಳಿದರು. ಸಂಶೋಧಕನನ್ನೇ ಕಾಲಮ್ಮಿಗೆ ಹಾಕುವ ಈ ಪ್ರವೃತ್ತಿ ಈ ನಗರದ ಗಂಭೀರ ದೋಷ.

ಆಹಾರದ ಬಗ್ಗೆ ವಿವರ ಬೇಡ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಊರಿಗೆ ಊರೇ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿಪಲ್ಯ, ಅಂಬಲಿಯ ಮುಂದೆ ಕೂತವನು ಎರಡನೆಯ ಸಲಕ್ಕೆ “ಸಾಕು” ಎಂದರೆ ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆ ದಿನದ ಟಿಪ್ಪಣಿಗಳು ಅಪೂರ್ಣವಾಗಿವೆ.

ಹೀಗೆ ಸಿದ್ಧವಾದ ಮಹಾಪ್ರಬಂಧವನ್ನು, ಗೆರೆ ಪುಟಪುಟಕ್ಕೂ ಅತ್ತಿತ್ತ ಓಡಾಡಿದ ಸ್ಥಿತಿಯಲ್ಲೇ, ಸಲ್ಲಿಸಲಾಯಿತು. ದಕ್ಷಿಣದ ಬಾಹ್ಯ ಪರೀಕ್ಷಕರು ಮೆಚ್ಚಿ ಪತ್ರ ಬರೆದಿದ್ದಾರೆ: ವಿಷಯ ಉಪೇಕ್ಷಿತವಾದದ್ದು, ಮೌಖಿಕ ಪರೀಕ್ಷೆ ಸ್ಥಳದಲ್ಲೇ ನಡೆದರೆ ಚೆನ್ನ, ಆದರೆ ಬೀದರು ಸ್ವಲ್ಪ ದೂರವಾಗುವುದರಿಂದ ಧಾರವಾಡದಲ್ಲಿ ಇಟ್ಟುಕೊಳ್ಳಬಹುದೇ, ಅದೂ ಆ ಕಡೆಯದೇ ಅಲ್ಲವೇ? ಧಾರವಾಡದಿಂದ ಬೆಂಗಳೂರು ಎಷ್ಟು ದೂರವೋ ಬೀದರೂ ಹೆಚ್ಚುಕಡಿಮೆ ಅಷ್ಟೇ ದೂರ ಎಂದು ವಿನಯಪೂರ್ವಕ ಉತ್ತರ ಕಳಿಸಿದ್ದೇವೆ. ಮರುಟಪಾಲಿನಲ್ಲಿ ಅವರು, ಹಾಗಾದರೆ ಬೆಂಗಳೂರಿನಲ್ಲೇ ಆಗಲಿ ಎಂದಿದ್ದಾರೆ.