ಅಜ್ಜಿ, ಓಟಿಪಿ ಹೇಳು

ನಮ್ಮ ಹಿರಿಯರು ಹಬ್ಬದ ಕೊಡುಕೊಳ್ಳುವಿಕೆಯಲ್ಲಿ ಯಾರನ್ನೂ ಮರೆತವರಲ್ಲ. ಮಗಳಿಗೆ ಗೌರಿ ಹಬ್ಬದ ಬಾಗಿನ. ಹೊಸ ಅಳಿಯನಿಗೆ ಮೊದಲ ದೀಪಾವಳಿಯ ಪಂಚೆ, ಶಲ್ಯ, ಕೈ ಸಾಗಿದರೆ ಉಂಗುರ. ಚಿಕ್ಕವರಿಗೆ ಸುರುಸುರುಬತ್ತಿ, ಮತಾಪು. ಬಲಿಪಾಡ್ಯಮಿಯ ದಿನ ಹಸುವಿನ ಕೊರಳಿಗೂ ಒಂದು ಹಾರ. ಆದರೆ ಮೀಸೆ ಚಿಗುರುತ್ತಿರುವ, ಕೋಣೆಯ ಬಾಗಿಲು ಹಾಕಿಕೊಂಡು ಕೂರುವ, ಕೇಳಿದ್ದಕ್ಕೆಲ್ಲ 'ಹೂಂ' ಅನ್ನುವ ಆ ವಯಸ್ಸಿನವರಿಗೆ ಏನು ಕೊಡಬೇಕು ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಬಹುಶಃ ಅವರ ಕಾಲದಲ್ಲಿ ಆ ವಯಸ್ಸೇ ಇರಲಿಲ್ಲವೇನೋ. ಗೋಲಿ ಆಟ ಮುಗಿಯುತ್ತಲೇ ಹೊಲವೋ ಮದುವೆಯೋ ಶುರುವಾಗಿಬಿಡುತ್ತಿತ್ತು.

ಮಹಾಲಯ ಅಮಾವಾಸ್ಯೆ ಹತ್ತಿರವಾದರೆ ಸಾಕು, ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಈ ಮಾತು ಬಂದೇ ಬರುತ್ತದೆ. ಗೋಡೆಯ ಆಚೆಗೆ ಟೀಚರಮ್ಮ, ಈಚೆಗೆ ನಾನು. ಟೀಚರಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೈಸೂರಿನ ಎಷ್ಟೋ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಅದು. ಅಂಥವರಿಗೂ ಸ್ವಂತ ಮೊಮ್ಮಕ್ಕಳ ವಿಷಯದಲ್ಲಿ ಉತ್ತರ ಹೊಳೆಯುವುದಿಲ್ಲ. ಮೊಮ್ಮಗ ಪಿಯುಸಿ, ಮೊಮ್ಮಗಳು ಒಂಬತ್ತನೇ ಕ್ಲಾಸು, ಇಬ್ಬರೂ ಬೆಂಗಳೂರಿನಲ್ಲಿ.

"ನಮಗೇನ್ರೀ ಕೊಡ್ಸೋರು? ಒಂದೇ ತಾನಿನ ಬಟ್ಟೆ. ಅಣ್ಣಂದಿರಿಗೆ ಶರಟು, ನಮಗೆ ಲಂಗ, ಮಿಕ್ಕಿದ್ದರಲ್ಲಿ ದಿಂಬಿನ ಗವಸು" ಅಂತ ಅವರು ನೆನೆಸಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲೂ ಅದೇ. ದರ್ಜಿ ಅಳತೆ ಹಿಡಿಯುವಾಗ ಅಪ್ಪ ಪಕ್ಕದಲ್ಲಿ ನಿಂತು, "ಬೆಳೆಯೋ ಮಕ್ಕಳು, ನಾಲ್ಕು ಬೆರಳು ಉದ್ದ ಬಿಡಿ" ಅನ್ನುತ್ತಿದ್ದರು. ಬಣ್ಣ ಇಷ್ಟವೇ ಅಂತ ಯಾರೂ ಕೇಳಲಿಲ್ಲ. ಈಗ ಮಕ್ಕಳೇ ಬಣ್ಣ ಆರಿಸುತ್ತಾರೆ, ಅಳತೆ ಆರಿಸುತ್ತಾರೆ, ಅಂಗಡಿಯನ್ನೂ ಅವರೇ ಆರಿಸುತ್ತಾರೆ. ನಮಗೆ ಬಿಟ್ಟಿರುವುದು ದುಡ್ಡು ಕಟ್ಟುವ ಕೆಲಸ ಒಂದೇ.

ಮೊದಮೊದಲು ಟೀಚರಮ್ಮ ತಾವೇ ಹುಡುಕಿದರು. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡನ್ನೂ 2020ರಿಂದ ಕನ್ನಡದಲ್ಲೇ ಓದಬಹುದು, ಹಾಗಾಗಿ ಧೈರ್ಯ ಬಂದಿತ್ತು. ಹದಿನಾರು ವರ್ಷದ ಹುಡುಗನಿಗೆ ಉಡುಗೊರೆ ಅಂತ ಕೇಳಿದ್ದಕ್ಕೆ ಬಂದದ್ದು ಪರ್ಸು, ಬೆಲ್ಟು, ಪೆನ್ನು ಸೇರಿದ ಕಾಂಬೊ ಡಬ್ಬಿ. ಹೆಸರು ಕೆತ್ತಿದ ಮರದ ಹಲಗೆ. ಫೋಟೋ ಅಚ್ಚಾದ ಮಗ್ಗು. ಪರ್ಸಿನಲ್ಲಿಡಲು ನೋಟಿಲ್ಲದ, ಬೆಲ್ಟು ಕಟ್ಟದೆ ಸಡಿಲ ಪ್ಯಾಂಟನ್ನೇ ಫ್ಯಾಷನ್ ಅನ್ನುವ ಹುಡುಗನಿಗೆ ಅದನ್ನು ಕೊಟ್ಟು ಏನು ಮಾಡುವುದು?

ಮಗ್ಗಿನ ವಿಷಯದಲ್ಲಿ ಒಂದು ತಮಾಷೆ ಇದೆ. ಮಿಂತ್ರಾ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದೇ ಮಗ್ಗು, ಟೀ ಶರ್ಟುಗಳ ಮೇಲೆ ಬೇಕಾದ ಹೆಸರು, ಚಿತ್ರ ಅಚ್ಚುಹಾಕಿ ಕೊಡುವ ಉಡುಗೊರೆ ಅಂಗಡಿಯಾಗಿ. ನಾಲ್ಕೈದು ವರ್ಷದಲ್ಲಿ ಅದನ್ನು ಬಿಟ್ಟು ಬಟ್ಟೆಬರೆಗೆ ಹೊರಳಿತು. ಮಾರುವವರೇ ಕೈಬಿಟ್ಟ ಮಗ್ಗನ್ನು ನಾವು ಅಜ್ಜಿಯರು ಇನ್ನೂ ಬಿಟ್ಟಿಲ್ಲ. ಅದೇ 2007ರಲ್ಲಿ ಕೋರಮಂಗಲದ ಒಂದು ಮನೆಯಿಂದ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಹೊರಟಿತು. 2010ರಲ್ಲಿ, ವಸ್ತು ಕೈಗೆ ಬಂದ ಮೇಲೆ ದುಡ್ಡು ಕೊಡಿ ಅಂದದ್ದೇ ತಡ, ನಮ್ಮಂಥ ಅನುಮಾನದವರೂ ಒಬ್ಬೊಬ್ಬರಾಗಿ ಹೊಸ್ತಿಲು ದಾಟಿದೆವು.

ಈಗ ಟೀಚರಮ್ಮ ಹುಡುಕುವ ಗೋಜಿಗೇ ಹೋಗುವುದಿಲ್ಲ. ವಾಟ್ಸಾಪಿಗೆ ಲಿಂಕ್ ಬರುತ್ತದೆ. ಅದರ ಹಿಂದೆ "ಅಜ್ಜಿ, ಇದು" ಅಂತ ಎರಡೇ ಮಾತು. ಲಿಂಕ್ ಕಳಿಸುವ ಮುಂಚೆ ಆ ಹುಡುಗ ಎಷ್ಟು ಅಧ್ಯಯನ ಮಾಡಿರುತ್ತಾನೆ ಅಂದರೆ, ಅದರ ಕಾಲುಭಾಗ ಭೌತಶಾಸ್ತ್ರಕ್ಕೆ ಕೊಟ್ಟಿದ್ದರೆ ಅವರಪ್ಪನ ರಕ್ತದೊತ್ತಡ ಇಳಿಯುತ್ತಿತ್ತು. ಹೋದ ಸಲ ಕಂಪ್ಯೂಟರಿನ ಕೀಬೋರ್ಡ್ ಕೇಳಿದ್ದ. ಅದರಲ್ಲಿ ನೀಲಿ ಸ್ವಿಚ್ಚು ಅಂತ ಒಂದು, ಕೆಂಪು ಸ್ವಿಚ್ಚು ಅಂತ ಒಂದು. ನೀಲಿಯದು ಒತ್ತಿದರೆ ಟಕಟಕ ಸದ್ದು ಮಾಡುತ್ತದಂತೆ, ಕೆಂಪಿನದು ಮೆತ್ತಗೆ ಇಳಿಯುತ್ತದಂತೆ. ಅವನಿಗೆ ಸದ್ದು ಮಾಡುವುದೇ ಬೇಕು. ಸರ್ಕಾರಿ ಕಚೇರಿಯ ಟೈಪ್‌ರೈಟರ್ ಸದ್ದಿಗೆ ತಲೆನೋವು ಬಂದು ವಿಕ್ಸ್ ಹಚ್ಚಿಕೊಂಡವಳು ನಾನು. ಅದೇ ಸದ್ದಿಗೆ ಈಗ ಹೆಚ್ಚಿಗೆ ದುಡ್ಡು.

ಮೊಮ್ಮಗಳದು ಇನ್ನೊಂದು ಥರ. ಅವಳಿಗೆ ಕೊರಿಯಾದ ಹಾಡುಗಾರರ ಆಲ್ಬಮ್ ಬೇಕು. ದಪ್ಪ ಪೆಟ್ಟಿಗೆ, ಒಳಗೆ ಚಿತ್ರಗಳ ಪುಸ್ತಕ, ಒಂದು ಸಿಡಿ, ಮತ್ತು ತಂಡದ ಯಾರಾದರೂ ಒಬ್ಬರ ಚಿಕ್ಕ ಫೋಟೋ ಕಾರ್ಡು. ಯಾರದು ಸಿಗುತ್ತದೆ ಅಂತ ಪೆಟ್ಟಿಗೆ ಒಡೆಯುವವರೆಗೂ ತಿಳಿಯುವುದಿಲ್ಲ. "ಸಿಡಿ ಹಾಕೋ ಯಂತ್ರ ಮನೇಲೇ ಇಲ್ವಲ್ಲೇ" ಅಂದರೆ, "ಸಿಡಿ ಕೇಳೋಕಲ್ಲ ಅಜ್ಜಿ" ಅಂದಳಂತೆ. ಹಾಡನ್ನು ಫೋನಿನಲ್ಲಿ ಕೇಳುತ್ತಾಳೆ. ಆ ಫೋಟೋ ಕಾರ್ಡಿಗಾಗಿ ಅಷ್ಟು ದೊಡ್ಡ ಪೆಟ್ಟಿಗೆ ಸಮುದ್ರ ದಾಟಿ ಬರಬೇಕು. ಟೀಚರಮ್ಮನಿಗೆ ಇದು ಹುಚ್ಚಾಟ. ನನಗೆ ಹಾಗೇನೂ ಅನ್ನಿಸಲಿಲ್ಲ. ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟವರಿಗೆ ಇದನ್ನು ಬೈಯುವ ಹಕ್ಕೆಲ್ಲಿದೆ?

ನಾನು ನಿಜವಾಗಿ ಜಗಳಕ್ಕೆ ಬೀಳುವುದು ತಾರೀಖಿನ ವಿಷಯದಲ್ಲಿ. 2025ರದನ್ನೇ ನೋಡಿ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡು ಕಡೆಯೂ ಹಬ್ಬದ ದೊಡ್ಡ ಮಾರಾಟ ಸೆಪ್ಟೆಂಬರ್ 23ಕ್ಕೆ, ನವರಾತ್ರಿಯ ಎರಡನೇ ದಿನ ಶುರು. ನರಕ ಚತುರ್ದಶಿ ಬಂದದ್ದು ಅಕ್ಟೋಬರ್ 20ಕ್ಕೆ. ರಿಯಾಯಿತಿ ಇದ್ದಾಗಲೇ ಕೊಂಡು, ಚಂದದ ಕಾಗದ ಸುತ್ತಿ, ಬೀರುವಿನಲ್ಲಿ ಸೀರೆಗಳ ಹಿಂದೆ ಬಚ್ಚಿಟ್ಟು, ಎಣ್ಣೆ ಸ್ನಾನದ ದಿನ ಕೈಗಿಟ್ಟರೆ ಏನಾಗುತ್ತದೆ? ಶೂ ಕಾಲಿಗೆ ಹತ್ತುವುದಿಲ್ಲ. ವಾಪಸ್ಸು ಮಾಡೋಣ ಅಂದರೆ ವಾಯಿದೆ ಏಳು ದಿನವೋ ಹತ್ತು ದಿನವೋ ಇದ್ದದ್ದು ಎಂದೋ ಮುಗಿದಿರುತ್ತದೆ. ಯಾಕೆಂದರೆ ದಿನದ ಎಣಿಕೆ ಮನೆಗೆ ಬಂದ ಗಳಿಗೆಯಿಂದ, ಪೊಟ್ಟಣ ಬಿಚ್ಚಿದ ಗಳಿಗೆಯಿಂದಲ್ಲ. ಇನ್ನು ಕೆಲವು ವಸ್ತುಗಳಿಗೆ ದುಡ್ಡೇ ವಾಪಸ್ ಬರುವುದಿಲ್ಲ, ಕೆಟ್ಟಿದ್ದರೆ ಬದಲಿ ಕೊಡುತ್ತಾರೆ ಅಷ್ಟೇ. ಅದೂ ಬೆಲೆಯ ಕೆಳಗೆ ಇರುವೆಯ ಗಾತ್ರದ ಅಕ್ಷರದಲ್ಲಿರುತ್ತದೆ.

ಶೂ ಮಾತು ಬಂತಲ್ಲ, ಅದರ ಅಳತೆ ಬೇರೆ ಒಂದು ಪುರಾಣ. ನಮ್ಮಲ್ಲಿ ಎಂಟು ಅನ್ನುವುದು ಬ್ರಿಟನ್ನಿನ ಲೆಕ್ಕ. ಅದೇ ಕಾಲು ಅಮೆರಿಕದವರಿಗೆ ಒಂಬತ್ತು, ಯೂರೋಪಿನವರಿಗೆ 42. ಡಬ್ಬಿಯ ಮೇಲೆ ಮೂರೂ ಇರುತ್ತವೆ; ಲಿಂಕಿನಲ್ಲಿ ಯಾವುದನ್ನು ಒತ್ತಿದಿರಿ ಅನ್ನುವುದು ನಿಮ್ಮ ಹಣೆಬರಹ. ಜೊತೆಗೆ ಆ ವಯಸ್ಸಿನ ಪಾದ ನವರಾತ್ರಿಗೂ ದೀಪಾವಳಿಗೂ ಮಧ್ಯೆಯೇ ಬೆಳೆದುಬಿಡುವಂಥದ್ದು. ಅದಕ್ಕೇ ನಾನು ಟೀಚರಮ್ಮನಿಗೆ ಹೇಳಿದೆ: "ಬಂದ ದಿನಾನೇ ಬಿಚ್ಚಿ ಹಾಕಿ ನೋಡ್ಲಿ. ಬಚ್ಚಿಡೋ ಆಸೆ ಇದ್ರೆ ಒಂದು ಮೈಸೂರ್‌ಪಾಕ್ ಬಚ್ಚಿಡಿ."

"ಆಮೇಲೆ ಹಬ್ಬದ ದಿನ ಏನ್ರೀ ಕೊಡೋದು?"

"ಅದೇ ಶೂಗೆ ಅರಿಶಿನ ಕುಂಕುಮ ಹಚ್ಚಿ ಕೊಡಿ."

ಅವರು ನಗಲಿಲ್ಲ. ಪಾಪ, ಹೊಸ ವಸ್ತುವಿಗೆ ಅರಿಶಿನ ಹಚ್ಚದೆ ಕೊಟ್ಟವರಲ್ಲ ಅವರು. ಆ ಕಲೆ ಬಿದ್ದ ಶೂವನ್ನು ಯಾವ ಕಂಪನಿ ವಾಪಸ್ ತಗೊಳ್ಳುತ್ತದೆ ಅನ್ನುವುದು ಆಗ ನನಗೂ ಹೊಳೆಯಿತು.

ಗೋಡೆಯಾಚೆಯ ಬೇಡಿಕೆಯೂ ಬದಲಾಗಿದೆ. ಮೊದಲು ಹೆಪ್ಪಿಗೆ ಒಂದು ಚಮಚ ಮೊಸರು ಕೇಳುತ್ತಿದ್ದರು, ಈಗ, "ನಿಮ್ಮ ಹತ್ರ ಆ ಬ್ಯಾಂಕಿನ ಕಾರ್ಡ್ ಇದ್ಯಾ?" ಒಂದು ಕಡೆ ಒಂದು ಬ್ಯಾಂಕಿನ ಕಾರ್ಡಿಗೆ ರಿಯಾಯಿತಿ, ಇನ್ನೊಂದು ಕಡೆ ಬೇರೆ ಬ್ಯಾಂಕಿನದಕ್ಕೆ. ಮೊಸರಾದರೆ ಮಾರನೆಯ ದಿನ ಬಟ್ಟಲು ತುಂಬ ವಾಪಸ್ ಬರುತ್ತಿತ್ತು. ಕಾರ್ಡಿನದು ತಿಂಗಳ ಬಿಲ್ಲು ಬಂದಾಗ ಸಂಕೋಚ ಬಿಟ್ಟು ನೆನಪಿಸಬೇಕು.

ತೆರಿಗೆಯ ಬಗ್ಗೆ ಟೀಚರಮ್ಮನಿಗೆ ಒಂದು ಖುಷಿ, ಒಂದು ಕೊರಗು. 2025ರ ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ಕ್ಕೆ, ಜಿಎಸ್‌ಟಿ ಬದಲಾಯಿತಲ್ಲ, ಪೆನ್ಸಿಲ್ಲು, ರಬ್ಬರು, ನೋಟ್‌ಬುಕ್ಕಿನ ಮೇಲೆ ತೆರಿಗೆಯೇ ಇಲ್ಲವಾಯಿತು. ಜಾಮಿಟ್ರಿ ಬಾಕ್ಸು ಶೇ. 12ರಿಂದ 5ಕ್ಕೆ ಇಳಿಯಿತು. ಮೊಬೈಲು ಮಾತ್ರ ಶೇ. 18ರಲ್ಲೇ ನಿಂತಿತು. ಅಂದರೆ ಗಣಿತದ ಟೀಚರು ಕೊಡಬಯಸುವುದೆಲ್ಲ ಅಗ್ಗ, ಮೊಮ್ಮಕ್ಕಳು ಕೇಳುವುದು ಎಲ್ಲಿತ್ತೋ ಅಲ್ಲೇ. "ಜಾಮಿಟ್ರಿ ಬಾಕ್ಸೇ ಕಳ್ಸಿಬಿಡ್ಲಾ?" ಅಂತ ಒಂದು ಗಳಿಗೆ ಅವರ ಕಣ್ಣು ಹೊಳೆದದ್ದನ್ನು ನಾನು ನೋಡಿದ್ದೇನೆ.

ಅಂಗಡಿಯವನು ಆಸೆ ಹುಟ್ಟಿಸುವುದು ಹಳೆಯ ವಿದ್ಯೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ "ಎರಡೇ ಉಳಿದಿವೆ" ಅಂತ ಕೆಂಪಕ್ಷರ ತೋರಿಸಿ, ಮೂರು ದಿನ ಆದರೂ ಆ ಎರಡು ಹಾಗೇ ಉಳಿದಿದ್ದರೆ ಏನನ್ನೋಣ? ನಾವು ಕೇಳದ ವಾರಂಟಿಯನ್ನು ತಾನಾಗಿ ಬುಟ್ಟಿಗೆ ಸೇರಿಸಿಬಿಡುವುದು ಇನ್ನೊಂದು. ಇಂಥ ಹದಿಮೂರು ಬಗೆಯ ಮೋಸದ ವರಸೆಗಳನ್ನು ಹೆಸರಿಸಿ ಕೇಂದ್ರ ಸರ್ಕಾರ 2023ರಲ್ಲೇ ನಿಷೇಧದ ಮಾರ್ಗಸೂಚಿ ತಂದಿದೆ. ದೂರು ಹೇಳಬೇಕಿದ್ದರೆ 1915 ಅನ್ನುವ ಗ್ರಾಹಕ ಸಹಾಯವಾಣಿಯೂ ಇದೆ. ಆದರೆ ಮೊಮ್ಮಗ ಆ ಕಡೆಯಿಂದ "ಅಜ್ಜಿ, ಬೇಗ, ಖಾಲಿಯಾಗ್ತಿದೆ" ಅಂತ ಅವಸರಪಡಿಸುತ್ತಿರುವಾಗ ಮಾರ್ಗಸೂಚಿ ಯಾರ ನೆನಪಿಗೆ ಬರುತ್ತದೆ? 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟಿನ ಮೊದಲ ಬಿಗ್ ಬಿಲಿಯನ್ ಡೇ ದಿನ ಜನ ಮುಗಿಬಿದ್ದ ರಭಸಕ್ಕೆ ಜಾಲತಾಣವೇ ಕುಸಿದು, ಸ್ಥಾಪಕರಿಬ್ಬರೂ ಗ್ರಾಹಕರಿಗೆ ಕ್ಷಮೆಯ ಪತ್ರ ಬರೆಯಬೇಕಾಯಿತು. ಆ ಅವಸರ ಅಂದಿನಿಂದ ಒಂದಿಷ್ಟೂ ಇಳಿದಿಲ್ಲ.

ಹೋದ ಹಬ್ಬದಲ್ಲಿ ನಡೆದದ್ದು ಹೇಳುತ್ತೇನೆ ಕೇಳಿ. ಕೀಬೋರ್ಡ್ ಬೆಂಗಳೂರಿನ ಮನೆಗೆ ಹೋಯಿತು. ಖಾತೆ ಟೀಚರಮ್ಮನದು, ಆದ್ದರಿಂದ ಓಟಿಪಿ ಬಂದದ್ದು ಮೈಸೂರಿಗೆ. ಗೇಟಿನ ಹತ್ತಿರ ಡೆಲಿವರಿ ಹುಡುಗ ನಿಂತಿದ್ದಾನೆ, ಮೊಮ್ಮಗ ಫೋನು ಮಾಡಿ, "ಅಜ್ಜಿ, ಓಟಿಪಿ ಹೇಳು" ಅಂದ.

"ಹೇಳಲ್ಲ. ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನೋರು ಹೇಳಿದಾರೆ."

"ಅಜ್ಜಿ, ಅದು ದುಡ್ಡು ಕಟ್ಟೋ ಓಟಿಪಿ. ಇದು ಡೆಲಿವರಿದು. ನಾನು ನಿನ್ನ ಮೊಮ್ಮಗ!"

"ಹಾಗಂತ ಎಲ್ರೂ ಹೇಳ್ತಾರೆ. ನಿಮ್ಮಪ್ಪನ ಅಜ್ಜಿ ಹೆಸರೇನು, ಹೇಳು."

ಹುಡುಗನಿಗೆ ಗೊತ್ತಿರಲಿಲ್ಲ. ಒಳಗೆ ಓಡಿ ಅಪ್ಪನನ್ನು ಕೇಳಿಕೊಂಡು ಬಂದು ಹೇಳಿದ ಮೇಲೆಯೇ ಅಂಕಿಗಳು ಒಂದೊಂದಾಗಿ ಹೊರಟವು. ಡೆಲಿವರಿ ಹುಡುಗ ಅಷ್ಟು ಹೊತ್ತೂ ಬಿಸಿಲಲ್ಲಿ ನಿಂತಿದ್ದನಂತೆ. ಅವನಿಗೂ ಹತ್ತೊಂಬತ್ತೋ ಇಪ್ಪತ್ತೋ, ಅಷ್ಟೇ. ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆ ಅಂತ ನಮ್ಮ ರಾಜ್ಯ 2025ರಲ್ಲಿ ಒಂದು ಕಾಯ್ದೆ ಮಾಡಿದೆ. ಅಜ್ಜಿಯ ಅಜ್ಜಿ ಪರೀಕ್ಷೆ ಮುಗಿಯುವವರೆಗೆ ಗೇಟಿನಲ್ಲಿ ಕಾಯುವುದಕ್ಕೆ ಅದರಲ್ಲಿ ಪರಿಹಾರ ಇದೆಯೋ ಇಲ್ಲವೋ, ಆ ಹುಡುಗನಿಗೆ ಅವರ ಮನೆಯವರು ಒಂದು ಲೋಟ ಮಜ್ಜಿಗೆಯನ್ನಾದರೂ ಕೊಟ್ಟರು.

ಈ ವರ್ಷ ಟೀಚರಮ್ಮ ಈ ಗೋಳೇ ಬೇಡ ಅಂತ ತೀರ್ಮಾನಿಸಿದರು. ಲಿಂಕೂ ಬೇಡ, ಓಟಿಪಿಯೂ ಬೇಡ, ಹಿಂದಿನವರ ಹಾಗೆ ಕವರಿನಲ್ಲಿ ದುಡ್ಡು. "ಕ್ಯಾಶ್ ಬೇಡ ಅಜ್ಜಿ, ಯುಪಿಐ ಮಾಡು" ಅಂದ ಮೊಮ್ಮಗ. ಪಿಯುಸಿಗೆ ಸೇರಿದಾಗ ಅವರಪ್ಪ ಬ್ಯಾಂಕ್ ಖಾತೆ ತೆಗೆಸಿಕೊಟ್ಟಿದ್ದಾರೆ. ಸರಿ, ಟೀಚರಮ್ಮ ಕನ್ನಡಕ ಹಾಕಿಕೊಂಡು, ಗೋಡೆಗೆ ಒರಗಿ, ನನ್ನ ಎದುರೇ ಒತ್ತಿ ಒತ್ತಿ ಕಳಿಸಿದರು. 2,001 ರೂಪಾಯಿ.

ಸ್ವಲ್ಪ ಹೊತ್ತಿಗೆ ಅವರ ಫೋನು ಟಿಂಗ್ ಅಂದಿತು. ಮೊಮ್ಮಗನಿಂದ ಒಂದು ರೂಪಾಯಿ ವಾಪಸ್ ಬಂದಿತ್ತು, ಜೊತೆಗೆ ಒಂದು ಮೆಸೇಜು: "ಅಜ್ಜಿ, ತಪ್ಪಿ ಒಂದು ಜಾಸ್ತಿ ಒತ್ತಿದ್ದೀಯ."

ಟೀಚರಮ್ಮ ಆ ರೂಪಾಯಿಯನ್ನು ಕೂಡಲೇ ತಿರುಗಿ ಕಳಿಸಿದರು. ಅವನು ಮತ್ತೆ ವಾಪಸ್ ಹಾಕಿದ. ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಒಳಗೆ ಹೋಗಬೇಕಾಯಿತು. ಸಂಜೆ ಕೇಳಿದರೆ, "ಇನ್ನೂ ನಡೀತಾ ಇದೆ ಕಣ್ರೀ" ಅಂದರು.