ಯೆಜ್ಡಿ ಪುರಾಣ

ಯೆಜ್ಡಿ ಇಟ್ಟುಕೊಂಡವನಿಗೆ ನೆಂಟರಿಷ್ಟರಿಲ್ಲ ಎಂಬ ಕೊರಗಿಲ್ಲ. ಮೈಸೂರಿನಲ್ಲಂತೂ ಗಾಡಿಯನ್ನು ರಸ್ತೆ ಬದಿಗೆ ಹಾಕಿ ಪ್ಲಗ್ ಬಿಚ್ಚಿದರೆ ಸಾಕು, ಎಲ್ಲಿದ್ದರೋ ಏನೋ, ನಾಲ್ಕು ಜನ ಸುತ್ತ ನಿಂತಿರುತ್ತಾರೆ. ಅವರಲ್ಲೊಬ್ಬರಾದರೂ "ನಾನು ಫ್ಯಾಕ್ಟರಿಯಲ್ಲೇ ಇದ್ದೆ ಕಣ್ರೀ" ಅನ್ನುತ್ತಾರೆ. ಅಲ್ಲಗಳೆಯುವ ಹಾಗಿಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಈ ಊರಿನ ಅದೆಷ್ಟೋ ಮನೆಗಳಿಗೆ ಅನ್ನ ಹಾಕಿದೆ.

ಬಿಚ್ಚಿದ ಪ್ಲಗ್ ಕೈಯಿಂದ ಕೈಗೆ ದಾಟುತ್ತದೆ. ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಜಾತಕ ಹಿಡಿದ ಜೋಯಿಸರಂತೆ ಅದನ್ನು ಬೆಳಕಿಗೆ ತಿರುಗಿಸುತ್ತಾರೆ. ಕಂದು ಬಣ್ಣ ಬಂದಿದ್ದರೆ ಕ್ಷೇಮ. ಬೆಳ್ಳಗಿದ್ದರೆ ಎಂಜಿನ್ ಕಾಯುತ್ತಿದೆ. ನಮ್ಮದು ಯಾವಾಗಲೂ ಕರ್ರಗೆ, ಒದ್ದೆಯಾಗಿರುತ್ತದೆ. "ಆಯಿಲ್ ಜಾಸ್ತಿ ಸಾರ್!" ಅಲ್ಲಿಗೆ ಜಗಳ ಶುರು. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಲೀಟರಿಗೆ 40 ಎಂ.ಎಲ್. ಎನ್ನುವವರೂ 30 ಸಾಕು ಎನ್ನುವವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. ಅಷ್ಟರಲ್ಲಿ ಮೂರನೆಯವರು ಜೇಬಿನಿಂದ ಯಾರದೋ ಲಗ್ನಪತ್ರಿಕೆ ತೆಗೆದು, ಮೂಲೆ ಹರಿದು, ಪಾಯಿಂಟ್ ಸಂದಿಯಲ್ಲಿ ತೂರಿಸಿ ಉಜ್ಜುತ್ತಿರುತ್ತಾರೆ. ಗಾಡಿ ಸ್ಟಾರ್ಟ್ ಆದರೆ ಆ ಕೀರ್ತಿ ಇವರದೇ.

ಹೊಸ ಹುಡುಗರು ಬಂದರೆ ಇನ್ನೂ ಮಜಾ. ಕಿಕ್ಕರ್ ಎಲ್ಲಿ ಎಂದು ಎಡಕ್ಕೂ ಬಲಕ್ಕೂ ಬಗ್ಗಿ ಹುಡುಕುತ್ತಾರೆ. ಎಡಗಡೆಯ ಗೇರ್ ರಾಡನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಇದನ್ನು ತೋರಿಸಿಕೊಡುವಾಗ ನಮಗಾಗುವ ಸಂತೋಷ ಗಾಡಿ ಓಡಿಸುವಾಗಲೂ ಆಗುವುದಿಲ್ಲ.

ಓಡಿಸಿದ ಕಥೆಗಳೂ ಉಂಟು. ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗ, ನಡುವೆ ಅಕ್ಕಿ ಚೀಲ, ಇಷ್ಟನ್ನೂ ಹೇರಿಕೊಂಡು ನನ್ನ ಸ್ನೇಹಿತರೊಬ್ಬರ ಯೆಜ್ಡಿ ರೋಡ್‌ಕಿಂಗ್ ಥರ್ಡ್ ಗೇರಿನಲ್ಲೇ ಚಾಮುಂಡಿ ಬೆಟ್ಟ ಹತ್ತಿತಂತೆ. ಬೆಟ್ಟಕ್ಕೆ ಅಕ್ಕಿ ಚೀಲ ಯಾಕೆ ಎಂದು ಯಾರೂ ಕೇಳಿಲ್ಲ. ಅವರ ಮನೆಯವರು ಕಾಫಿ ತಂದಿಟ್ಟು, "ಅರ್ಧ ಬೆಟ್ಟ ನಾನು ನಡೆದೇ ಹತ್ತಿದ್ದು" ಎಂದು ಒಳಗೆ ಹೋದರು. ಕಥೆಗೆ ಅದರಿಂದ ಏನೂ ಧಕ್ಕೆಯಾಗಲಿಲ್ಲ.

ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವ ಗಾಡಿಯ ಬಗ್ಗೆ ಮಾತಾಡಲು ಏನಿರುತ್ತದೆ ಹೇಳಿ? ಈಗಿನ ಬೈಕ್ ಕೆಟ್ಟರೆ ಕಂಪ್ಯೂಟರ್ ಹಚ್ಚುತ್ತಾರೆ; ಅದು ನಂಬರ್ ತೋರಿಸುತ್ತದೆ, ಇವರು ಬಿಲ್ ಕೊಡುತ್ತಾರೆ. ಲಗ್ನಪತ್ರಿಕೆಗೆ ಅಲ್ಲಿ ಕೆಲಸವಿಲ್ಲ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಹೊಗೆಗೆ ಅಂಜದವರಾದರೆ ನೀವೂ ಬನ್ನಿ. ಸಿಲಿಂಡರ್ ಒಂದೇ ಇದ್ದರೂ ಸೈಲೆನ್ಸರ್ ಎರಡೇಕೆ ಎಂದು ಕೇಳಿ, ಮಧ್ಯಾಹ್ನದವರೆಗೆ ಹೇಳುತ್ತೇವೆ. "ಮೈಲೇಜ್ ಎಷ್ಟು ಕೊಡುತ್ತೆ?" ಎಂದು ಮಾತ್ರ ಕೇಳಬೇಡಿ.